ಎರಡು ಸಲ ಸರ್ಕಾರದ ಕಡತ ಬಿಚ್ಚಿಸಿದ ಬಾಸ್ಟನ್ ವಕೀಲ

ನಮ್ಮ ಕಡೆ ಸ್ವಾತಂತ್ರ್ಯ ಹೋರಾಟ ಅಂದರೆ ಹೆಂಡದಂಗಡಿ ಮುಂದಿನ ಪಿಕೆಟಿಂಗೂ ಅದರಲ್ಲೇ ಸೇರಿತು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಈಚಲು ಮರಗಳಿಗೆ ಕೊಡಲಿ ಹಾಕಿದ್ದೇ ಒಂದು ಸತ್ಯಾಗ್ರಹ. ಅದರ ಮುಂಚೂಣಿಯಲ್ಲಿದ್ದ ಎಸ್. ನಿಜಲಿಂಗಪ್ಪ ವೃತ್ತಿಯಲ್ಲಿ ವಕೀಲರು. ಚಳವಳಿಗೆ ಇಳಿದು ವಕೀಲಿ ಸನ್ನದನ್ನೂ ಕಳೆದುಕೊಂಡರು. ಗಾಂಧೀಜಿಗಂತೂ ಹೆಂಡ ಬಿಡಿಸುವುದು ಸ್ವರಾಜ್ಯದಷ್ಟೇ ಮುಖ್ಯ. ಹೀಗಾಗಿ ದೊರೆಗಳಿಗೂ ವಿರೋಧ, ಹೆಂಡಕ್ಕೂ ವಿರೋಧ ಅನ್ನೋದು ನಮ್ಮ ತಲೆಯಲ್ಲಿ ಜೋಡಿಯಾಗಿ ಕೂತುಬಿಟ್ಟಿದೆ.

ಅದಕ್ಕೇ ಜೂಲಿಯನ್ ಕಾಡ್ಮನ್ ಅನ್ನುವ ಅಮೆರಿಕದ ವಕೀಲರ ಬಗ್ಗೆ ಓದಿದಾಗ ಮೊದಲು ಸ್ವಲ್ಪ ಗಲಿಬಿಲಿ ಆಯಿತು. ಸಾಮ್ರಾಜ್ಯಶಾಹಿಗೆ ಈ ಮನುಷ್ಯ ಕಡು ವಿರೋಧಿ. ಪಾನನಿಷೇಧಕ್ಕೂ ಅಷ್ಟೇ ಕಡು ವಿರೋಧಿ. ಇದು ಹೇಗೆ ಅಂತ ಹುಡುಕುತ್ತಾ ಹೋದರೆ ಒಂದು ಗಟ್ಟಿ ಕಥೆಯೇ ಸಿಕ್ಕಿತು.

ಕಾಡ್ಮನ್ ಹುಟ್ಟಿದ್ದು 1870ರಲ್ಲಿ. ಬಾಸ್ಟನ್ನಿನ ಹಳೆಯ ಅನುಕೂಲಸ್ಥ ಮನೆತನ. ಓದಿದ್ದು ಹಾರ್ವರ್ಡ್‌ನಲ್ಲಿ. ಅಂಥವರಿಗೆ ಆ ಊರಿನಲ್ಲಿ ಕ್ಲಬ್ಬು, ಕೋರ್ಟು, ಒಳ್ಳೆಯ ಕಕ್ಷಿದಾರರು ಎಲ್ಲಾ ತಾನಾಗೇ ಒದಗಿಬರುವ ಕಾಲ ಅದು. ಅವರ ಹೆಸರು ಇವತ್ತು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಬೇರೆಯವರ ಹೆಸರಿನ ಪಕ್ಕ ಎರಡನೆಯದಾಗಿ ಬರುತ್ತದೆ. ಆ ಮೊದಲ ಹೆಸರು ಮೂರ್‌ಫೀಲ್ಡ್ ಸ್ಟೋರಿ ಅವರದ್ದು. ಕಾಡ್ಮನ್‌ಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಅಮೆರಿಕದ ವಕೀಲರ ಸಂಘಕ್ಕೆ ಅಧ್ಯಕ್ಷರಾಗಿದ್ದವರು. ಮುಂದೆ ಕರಿಯರ ಹಕ್ಕಿಗಾಗಿ ಹುಟ್ಟಿದ ಎನ್‌ಎಎಸಿಪಿ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ.

1898ರಲ್ಲಿ ಸ್ಪೇನ್ ಜೊತೆ ಯುದ್ಧ ಗೆದ್ದ ಅಮೆರಿಕ ಆ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಎರಡು ಕೋಟಿ ಡಾಲರ್ ಕೊಟ್ಟು ಫಿಲಿಪೀನ್ಸ್ ದ್ವೀಪಗಳನ್ನು ತೆಗೆದುಕೊಂಡಿತು. ಜಮೀನು ಕ್ರಯ ಮಾಡಿಸಿಕೊಂಡ ಹಾಗೆ, ಮೇಲಿದ್ದ ಜನರ ಸಮೇತ. ಆ ಜನರಾದರೋ ಆಗಲೇ ಸ್ಪೇನ್ ವಿರುದ್ಧ ದಂಗೆ ಎದ್ದು ತಮ್ಮದೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಅವರನ್ನು ಒಂದು ಮಾತೂ ಕೇಳಲಿಲ್ಲ. 1899ರ ಫೆಬ್ರವರಿ 4ರಂದು ಮನಿಲಾದ ಹೊರಗೆ ಗುಂಡು ಹಾರಿತು. ಅದಾದ ಎರಡು ದಿನಕ್ಕೆ ಅಮೆರಿಕದ ಸೆನೆಟ್ 57ಕ್ಕೆ 27 ಮತಗಳಿಂದ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು.

ಇದನ್ನು ವಿರೋಧಿಸಲು ಬಾಸ್ಟನ್ನಿನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಲೀಗ್ ಹುಟ್ಟಿತು. ಲೇಖಕ ಮಾರ್ಕ್ ಟ್ವೇನ್, ತತ್ವಜ್ಞಾನಿ ವಿಲಿಯಂ ಜೇಮ್ಸ್, ಉಕ್ಕಿನ ಸಾಹುಕಾರ ಕಾರ್ನೆಗಿ, ಕಾರ್ಮಿಕ ನಾಯಕ ಗಾಂಪರ್ಸ್ ಎಲ್ಲರೂ ಒಂದೇ ಸೂರಿನಡಿ. ಇಂಥ ಗುಂಪು ಒಂದಾಗಿ ಉಳಿಯುವುದು ಕಷ್ಟ. ಕೆಲವರಿಗೆ ಫಿಲಿಪಿನೋಗಳ ಮೇಲೆ ಮರುಕ. ಇನ್ನು ಕೆಲವರಿಗೆ ಅವರು ನಮ್ಮ ದೇಶದೊಳಗೆ ಬಂದುಬಿಟ್ಟರೆ ಏನು ಗತಿ ಅನ್ನುವ ಭಯ. ಅದೂ ಇತ್ತು, ಮುಚ್ಚಿಡುವುದು ಬೇಡ. ಕಾಡ್ಮನ್ ಈ ಲೀಗ್‌ಗೆ ವಕೀಲಿ ಕೆಲಸ ಮಾಡಲು ಸೇರಿಕೊಂಡರು.

ಯುದ್ಧ ಶುರುವಾದ ಮೇಲೆ ಸೈನಿಕರು ಮನೆಗೆ ಬರೆದ ಪತ್ರಗಳು ಊರಿನ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದವು. ಊರಿಗೆ ಊರೇ ಸುಟ್ಟೆವು, ಕೈದಿಗಳಿಗೆ ಬಲವಂತವಾಗಿ ನೀರು ಕುಡಿಸಿ ಹಿಂಸೆ ಕೊಟ್ಟೆವು ಅಂತ ಅದರಲ್ಲಿ ಬರೆದಿತ್ತು. ಗಲಾಟೆ ಜಾಸ್ತಿಯಾದಾಗ 1902ರಲ್ಲಿ ಸೆನೆಟ್ ಸಮಿತಿ ವಿಚಾರಣೆಗೆ ಕೂತಿತು. ಅಧ್ಯಕ್ಷರು ಹೆನ್ರಿ ಕ್ಯಾಬಟ್ ಲಾಡ್ಜ್. ಅವರೂ ಮೆಸಾಚುಸೆಟ್ಸ್‌ನವರೇ, ಆದರೆ ಯುದ್ಧದ ಪರ. ಯುದ್ಧ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ ಎಲಿಹೂ ರೂಟ್ ಫೆಬ್ರವರಿ 17ರಂದು ಲಾಡ್ಜ್‌ಗೆ ಒಂದು ಪತ್ರ ಬರೆದರು. ನಮ್ಮ ಸೈನ್ಯ ಯುದ್ಧದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದೆ, ಇಷ್ಟು ಮಾನವೀಯವಾಗಿ ಯಾರೂ ಯುದ್ಧ ಮಾಡಿಲ್ಲ ಅನ್ನುವುದು ಅದರ ತಾತ್ಪರ್ಯ. ಜೊತೆಗೆ ಒಂದು ಪಟ್ಟಿ: ಇಷ್ಟು ಜನರ ಮೇಲೆ ವಿಚಾರಣೆ ಆಗಿದೆ, ಹೆಚ್ಚಿನವರಿಗೆ ಶಿಕ್ಷೆಯೂ ಆಗಿದೆ.

ಏಪ್ರಿಲ್‌ನಲ್ಲಿ ಸಮಿತಿ ಮುಂದೆ ಚಾರ್ಲ್ಸ್ ರೈಲಿ ಅನ್ನುವ ಮಾಜಿ ಸಾರ್ಜೆಂಟ್ ಬಂದ. ಮೆಸಾಚುಸೆಟ್ಸ್‌ನ ನಾರ್ತಾಂಪ್ಟನ್ ಊರಿನವನು. 1900ರ ನವೆಂಬರ್‌ನಲ್ಲಿ ಪನಾಯ್ ದ್ವೀಪದ ಇಗ್ಬರಾಸ್ ಊರಿನಲ್ಲಿ ತಾನು ಕಂಡಿದ್ದನ್ನು ಹೇಳಿದ. ಅವನ ಹೇಳಿಕೆ ಓದಿದರೆ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಅದರಲ್ಲಿ ಅಲಂಕಾರವೇ ಇಲ್ಲ. ಮಳೆನೀರು ಹಿಡಿದಿಡುವ ತಗಡಿನ ದೊಡ್ಡ ಟ್ಯಾಂಕು, ನೂರು ಗ್ಯಾಲನ್ ಹಿಡಿಯಬಹುದು. ಅದಕ್ಕೊಂದು ನಲ್ಲಿ. ಊರಿನ ಮುಖ್ಯಸ್ಥನ ಕೈ ಹಿಂದಕ್ಕೆ ಕಟ್ಟಿ ನಲ್ಲಿಯ ಕೆಳಗೆ ಮಲಗಿಸುತ್ತಾರೆ. ಬಾಯಿ ಅಗಲಿಸಿ ಹಿಡಿದು ನಲ್ಲಿ ಬಿಡುತ್ತಾರೆ. ಹೊಟ್ಟೆ ಉಬ್ಬಿ ಬರುವವರೆಗೂ. ಅವನು ಬಾಯಿ ಬಿಡುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಈ ಸಲ ಮೆಟ್ಟಿಲ ಹತ್ತಿರ, ಪಿಚಕಾರಿಯಲ್ಲಿ, ನೀರಿಗೆ ಉಪ್ಪು ಬೆರೆಸಿ. ಒಬ್ಬ ಡಾಕ್ಟರು ಅಲ್ಲೇ ಇದ್ದ. ಇದನ್ನೆಲ್ಲ ನಡೆಸಿದ್ದು ಕ್ಯಾಪ್ಟನ್ ಎಡ್ವಿನ್ ಗ್ಲೆನ್, ಸೈನ್ಯದ ಕಾನೂನು ಅಧಿಕಾರಿ! ಆಮೇಲೆ ಊರಿಗೆ ಬೆಂಕಿ ಇಟ್ಟರು.

ಗ್ಲೆನ್ ಮೇಲೆ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ಆಯಿತು. ತಪ್ಪು ಸಾಬೀತೂ ಆಯಿತು. ಶಿಕ್ಷೆ: ಒಂದು ತಿಂಗಳು ಅಮಾನತು, 50 ಡಾಲರ್ ದಂಡ. ಅಷ್ಟೇ.

ಇನ್ನೊಂದು ಪ್ರಕರಣ ಸಮರ್ ದ್ವೀಪದ್ದು. 1901ರ ಸೆಪ್ಟೆಂಬರ್ 28ರಂದು ಬಲಂಗಿಗಾ ಊರಿನವರು ದಾಳಿ ಮಾಡಿ 48 ಅಮೆರಿಕನ್ ಸೈನಿಕರನ್ನು ಕೊಂದಿದ್ದರು. ಸೇಡಿಗೆ ಹೊರಟ ಜನರಲ್ ಜೇಕಬ್ ಸ್ಮಿತ್, ದ್ವೀಪವನ್ನು ಊಳಿಡುವ ಕಾಡು ಮಾಡಿಬಿಡಿ, ಹತ್ತು ವರ್ಷ ದಾಟಿದವರನ್ನು ಕೊಲ್ಲಿ ಎಂದು ತನ್ನ ಕೈಕೆಳಗಿನ ಮೇಜರ್‌ಗೆ ಆಜ್ಞೆ ಕೊಟ್ಟ. ಹತ್ತು ವರ್ಷ. ನಾಲ್ಕನೇ ಕ್ಲಾಸಿನ ಹುಡುಗ. ಅವನ ಮೇಲೆ ಹಾಕಿದ ಕೇಸು ಕೊಲೆಯದ್ದಲ್ಲ, ಶಿಸ್ತಿಗೆ ಭಂಗ ತಂದದ್ದು. ಕೋರ್ಟು ಛೀಮಾರಿ ಹಾಕಿ ಬಿಟ್ಟಿತು. ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿದರು.

ಕಾಡ್ಮನ್ ಮತ್ತು ಸ್ಟೋರಿ ಸೇರಿ 1902ರಲ್ಲಿ ಬಾಸ್ಟನ್ನಿನಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ನೂರು ಪುಟ ದಾಟುತ್ತದೆ. ಹೆಸರು 'ಮಾರ್ಕ್ಡ್ ಸಿವಿಯರಿಟೀಸ್', ಅಂದರೆ ಎದ್ದು ಕಾಣುವ ಕ್ರೌರ್ಯಗಳು. ಮಂತ್ರಿ ರೂಟ್ ಏನು ಹೇಳಿದರು, ಅವರ ಕಚೇರಿಯ ಕಡತವೇ ಏನು ಹೇಳುತ್ತದೆ ಅನ್ನುವುದನ್ನು ಎದುರುಬದುರು ಇಟ್ಟು ನೋಡುವ ಕೆಲಸ. ನನಗೆ ಇದರಲ್ಲಿ ಹಿಡಿಸಿದ್ದು ಅವರು ಹಿಡಿದ ದಾರಿ. ಟ್ವೇನ್ ಹಾಗೆ ವ್ಯಂಗ್ಯ ಇಲ್ಲ. ಕಣ್ಣೀರು ಬರಿಸುವ ಭಾಷಣ ಇಲ್ಲ. ಪಾಟೀಸವಾಲಿಗೆ ಎದ್ದು ನಿಂತ ವಕೀಲರು ಕೇಳುವ ಪ್ರಶ್ನೆಗಳು ಅಷ್ಟೇ. ಯಾವ ತಾರೀಖಿನ ಆಜ್ಞೆ? ಯಾರ ಸಹಿ? ನಿಮ್ಮ ಕೈಗೆ ಯಾವಾಗ ಬಂತು? ಬಂದ ಮೇಲೆ ಏನು ಮಾಡಿದಿರಿ?

ಈ ಪ್ರಶ್ನೆಗಳಿಗೆ ಎಷ್ಟು ಬಲ ಇತ್ತು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ತಯಬಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಮೇಜರ್ ಗಾರ್ಡನರ್ 1901ರ ಡಿಸೆಂಬರ್‌ನಲ್ಲೇ ವರದಿ ಬರೆದಿದ್ದರು. ಹಳ್ಳಿ ಸುಡುವುದು, ನೀರು ಕುಡಿಸಿ ಹಿಂಸೆ ಕೊಡುವುದು ನಡೆಯುತ್ತಿದೆ, ಇದರಿಂದ ಜನ ನಮ್ಮನ್ನು ದ್ವೇಷಿಸುವುದನ್ನು ಕಲಿಯುತ್ತಿದ್ದಾರೆ ಅಂತ. ಅದು ಸಮಿತಿಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಸರ್ಕಾರಿ ಕಚೇರಿಯಲ್ಲಿ ಫೈಲು ಯಾಕೆ ಕೂರುತ್ತದೆ ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಶಿಕ್ಷೆಗಳ ಪಟ್ಟಿಯದ್ದೂ ಅದೇ ಕತೆ. ಶಿಕ್ಷೆ ಆಗಿದೆ ಅನ್ನುವುದು ನಿಜವೇ. ಆದರೆ ಎಷ್ಟು? ಪ್ರೆಸ್ಟನ್ ಬ್ರೌನ್ ಎಂಬ ಲೆಫ್ಟಿನೆಂಟ್ ನಿರಾಯುಧ ಕೈದಿಯನ್ನು ಕೊಂದಿದ್ದಕ್ಕೆ ಐದು ವರ್ಷ ಸಜೆ ಆಯಿತು. ಮೇಲಿನವರು ಅದನ್ನು ಇಳಿಸಿ ಕೆಲವು ತಿಂಗಳು ಅರ್ಧ ಸಂಬಳ ಕಡಿತ, ಬಡ್ತಿ ಪಟ್ಟಿಯಲ್ಲಿ ಒಂದಿಷ್ಟು ಹಿಂದಕ್ಕೆ ಎಂದು ಮಾಡಿದರು. ಮುಂದೆ ಆತ ಜನರಲ್ ಕೂಡ ಆದ. ಗ್ಲೆನ್ ಕೂಡ ಬಡ್ತಿ ಮೇಲೆ ಬಡ್ತಿ ಪಡೆದ. 1914ರಲ್ಲಿ ಅಮೆರಿಕದ ಸೈನ್ಯ ಭೂಯುದ್ಧದ ನಿಯಮಗಳ ಕೈಪಿಡಿ ತಂದಾಗ ಅದನ್ನು ಸಿದ್ಧಪಡಿಸಿದ್ದು ಇದೇ ಗ್ಲೆನ್. ಕೈದಿಗಳಿಗೆ ಹಿಂಸೆ ಕೊಡಬಾರದು ಅಂತ ಅದರಲ್ಲಿ ಇದೆ.

ಪುಸ್ತಿಕೆಯಿಂದ ಏನಾಯಿತು ಅಂದರೆ, ಆ ಹೊತ್ತಿಗೆ ಏನೂ ಆಗಲಿಲ್ಲ. 1902ರ ಜುಲೈ 4ರಂದು ರೂಸ್‌ವೆಲ್ಟ್ ಯುದ್ಧ ಮುಗಿಯಿತು ಎಂದು ಸಾರಿದರು. ನಾಲ್ಕು ಸಾವಿರಕ್ಕೂ ಮಿಕ್ಕಿ ಅಮೆರಿಕನ್ನರು, ಇಪ್ಪತ್ತು ಸಾವಿರ ಫಿಲಿಪಿನೋ ಹೋರಾಟಗಾರರು, ಹಿಂಸೆ, ಹಸಿವು, ಕಾಯಿಲೆಗೆ ಸಿಕ್ಕಿ ಎರಡು ಲಕ್ಷದಷ್ಟು ಸಾಮಾನ್ಯ ಜನ ಸತ್ತಿದ್ದರು. ಅಮೆರಿಕದ ಜನರಿಗೆ ಸಾಕಾಗಿತ್ತು. ರೂಟ್ ಮುಂದೆ ವಿದೇಶಾಂಗ ಮಂತ್ರಿ ಆದರು. 1912ರ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೇ ಹೋಯಿತು.

ಈಗ ಹೆಂಡದ ವಿಷಯಕ್ಕೆ ಬರೋಣ.

ಅಮೆರಿಕದ ಸಂವಿಧಾನಕ್ಕೆ 18ನೇ ತಿದ್ದುಪಡಿ 1919ರಲ್ಲಿ ಸೇರಿತು, 1920ರ ಜನವರಿ 17ರಿಂದ ಜಾರಿ. ತಯಾರಿಸುವಂತಿಲ್ಲ, ಮಾರುವಂತಿಲ್ಲ, ಸಾಗಿಸುವಂತಿಲ್ಲ. ತಿದ್ದುಪಡಿಯನ್ನು ಜಾರಿ ಮಾಡಲು ತಂದ ವೋಲ್‌ಸ್ಟೆಡ್ ಕಾಯ್ದೆಯ ಪ್ರಕಾರ ಶೇ 0.5 ಆಲ್ಕೋಹಾಲ್ ಇದ್ದರೂ ಅದು ಮದ್ಯವೇ. ಅಂದರೆ ಬಿಯರ್ ಕೂಡ ಹೋಯಿತು. ಆದರೆ ಕುಡಿಯುವುದು ಅಪರಾಧ ಅಲ್ಲ! ಜಾರಿಗೆ ಮುಂಚೆ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದರೆ ಆರಾಮಾಗಿ ಕುಡಿಯಬಹುದು. ದುಡ್ಡಿದ್ದವರು ನೆಲಮಾಳಿಗೆ ತುಂಬಿಸಿಕೊಂಡರು. ದೊಡ್ಡ ಕ್ಲಬ್ಬುಗಳು ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಮಾಡಿದವು. ಫ್ಯಾಕ್ಟರಿ ಕೆಲಸ ಮುಗಿಸಿ ಒಂದು ಗ್ಲಾಸ್ ಬಿಯರ್ ಕುಡಿಯುತ್ತಿದ್ದವನಿಗೆ ಮಾತ್ರ ಬಾಗಿಲು ಬಂದ್. ಇನ್ನು ಡಾಕ್ಟರ ಚೀಟಿ ಇದ್ದರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಆ ಕಾಲದಲ್ಲಿ ಎಷ್ಟು ಜನರಿಗೆ ವಿಸ್ಕಿಯೇ ಬೇಕಾಗುವಂಥ ಕಾಯಿಲೆ ಬಂತು ಅಂತ ನೀವೇ ಊಹಿಸಿ.

ಕಾಡ್ಮನ್‌ಗೆ ಆಗ ಐವತ್ತು ವರ್ಷ. ಮೆಸಾಚುಸೆಟ್ಸ್‌ನ ಪಾನನಿಷೇಧ ವಿರೋಧಿಗಳ ಜೊತೆ ಸೇರಿ ಮತ್ತೆ ಕಡತ ಬಿಚ್ಚಲು ಕೂತರು. 1926ರ ಏಪ್ರಿಲ್ 5ರಿಂದ 24ರವರೆಗೆ ಸೆನೆಟ್‌ನ ನ್ಯಾಯಾಂಗ ಉಪಸಮಿತಿ ಪಾನನಿಷೇಧ ಕಾಯ್ದೆ ಬಗ್ಗೆ ವಿಚಾರಣೆ ನಡೆಸಿತು. ಬಿಯರ್ ಬಿಡಬೇಕು, ಜನಮತ ಕೇಳಬೇಕು ಅನ್ನುವಂಥ ಮಸೂದೆಗಳು ಅದರ ಮುಂದಿದ್ದವು. ಪಾನನಿಷೇಧ ಬೇಡ ಅನ್ನುವವರನ್ನು 'ವೆಟ್', ಬೇಕು ಅನ್ನುವವರನ್ನು 'ಡ್ರೈ' ಅನ್ನುತ್ತಿದ್ದರು. ವೆಟ್‌ಗಳ ಪರ ವಕೀಲರಾಗಿ ನಿಂತವರು ಕಾಡ್ಮನ್. ಎದುರು ಕಡೆ ವೇನ್ ವೀಲರ್, ಆ್ಯಂಟಿ ಸಲೂನ್ ಲೀಗಿನ ವಕೀಲ (ಅಲ್ಲಿ ಸಲೂನ್ ಅಂದರೆ ಹೆಂಡದಂಗಡಿ). ನೋಡೋಕೆ ಸಣ್ಣ ಕನ್ನಡಕದ ಗುಮಾಸ್ತರ ಹಾಗಿದ್ದ ಆ ವೀಲರ್ ಹೆಸರು ಕೇಳಿದರೆ ಸೆನೆಟರ್‌ಗಳೇ ನಡುಗುತ್ತಿದ್ದರು. ಯಾರ ಕ್ಷೇತ್ರದಲ್ಲಿ ಎಷ್ಟು ಓಟು ಆ ಕಡೆ ಈ ಕಡೆ ಆಗುತ್ತದೆ ಅನ್ನುವ ಲೆಕ್ಕ ಅವರ ಜೇಬಿನಲ್ಲಿ ಇರುತ್ತಿತ್ತು.

ಇಲ್ಲಿಯೂ ಅದೇ ದಾರಿ. ಕುಡಿಯುವುದು ಮನುಷ್ಯನ ಹಕ್ಕು ಅನ್ನುವ ದೊಡ್ಡ ಮಾತಿಗಿಂತ, ಸರ್ಕಾರದ ಜನರ ಬಾಯಿಂದಲೇ ಸತ್ಯ ಹೊರಡಿಸುವುದು ಈ ವಿಚಾರಣೆಯ ಜೀವಾಳ. ಪಾನನಿಷೇಧ ಜಾರಿಯ ಉಸ್ತುವಾರಿ ಹೊತ್ತಿದ್ದ ನಿವೃತ್ತ ಜನರಲ್ ಲಿಂಕನ್ ಆಂಡ್ರ್ಯೂಸ್ ಹೇಳಿಕೆ ಕೊಡಲು ಬಂದರು. ಹಿಂದಿನ ಒಂದೇ ವರ್ಷದಲ್ಲಿ 1,72,000ಕ್ಕೂ ಹೆಚ್ಚು ಕಳ್ಳಭಟ್ಟಿ ಹಿಡಿದಿದ್ದೇವೆ ಅನ್ನುವ ಲೆಕ್ಕ ಬಂತು. ಇದು ಹೆಮ್ಮೆಯ ಲೆಕ್ಕವೋ, ಸೋಲಿನ ಲೆಕ್ಕವೋ? ಹಿಡಿದದ್ದೇ ಅಷ್ಟಾದರೆ ಹಿಡಿಯದೇ ಉಳಿದದ್ದು ಎಷ್ಟು? ನ್ಯೂಯಾರ್ಕ್‌ನ ಸಂಸದ ಫಿಯೊರೆಲ್ಲೊ ಲಾಗಾರ್ಡಿಯ ಬಂದು, ಈ ಕಾನೂನು ಒಳ್ಳೆಯದೋ ಕೆಟ್ಟದ್ದೋ ಹೇಳೋಕೇ ಆಗುವುದಿಲ್ಲ, ಯಾಕೆಂದರೆ ಈ ದೇಶದಲ್ಲಿ ಅದು ಇನ್ನೂ ಜಾರಿಯೇ ಆಗಿಲ್ಲ ಎಂದರು. ಲಂಚ ಹೇಗೆ ಹರಿದಾಡುತ್ತಿದೆ ಅನ್ನುವುದನ್ನೂ ಬಿಡಲಿಲ್ಲ.

ಅದೇ ಕಾಲದಲ್ಲಿ ಕಾರ್ಖಾನೆಗೆ ಹೋಗುವ ಸ್ಪಿರಿಟ್ಟನ್ನು ಯಾರೂ ಕದ್ದು ಕುಡಿಯದ ಹಾಗೆ ಸರ್ಕಾರ ಅದಕ್ಕೆ ಮೆಥನಾಲ್ ಬೆರೆಸುವ ನಿಯಮವನ್ನು ಬಿಗಿ ಮಾಡಿತು. ಜನ ಅದನ್ನೂ ಕುಡಿದರು. 1926ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್ ಆಸ್ಪತ್ರೆಗಳಲ್ಲಿ ಹೆಣ ಬಿದ್ದವು. ನಿಮ್ಮ ಒಳ್ಳೆಯದಕ್ಕೇ ಅಂತ ಹೊರಟ ಕಾನೂನು ಅಲ್ಲಿಗೆ ಬಂದು ನಿಂತಿತ್ತು. ಇಗ್ಬರಾಸ್‌ನ ನಲ್ಲಿ ನೆನಪಾಗುವುದು ನನಗೆ ಇಲ್ಲೇ. ಫಿಲಿಪಿನೋಗಳಿಗೂ ಅವರ ಒಳ್ಳೆಯದಕ್ಕೇ ಅಂತಲೇ ಹೇಳಿದ್ದರು.

ಈ ಎರಡೂ ಜಗಳಗಳಲ್ಲಿ ಯಾರು ಯಾವ ಕಡೆ ಇದ್ದರು ಅಂತ ನೋಡಿದರೆ ತಲೆ ತಿರುಗುತ್ತದೆ. ಎಲಿಹೂ ರೂಟ್ ನೆನಪಿದೆಯಲ್ಲ? 1920ರಲ್ಲಿ 18ನೇ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ ನ್ಯೂಜೆರ್ಸಿಯ ಬಿಯರ್ ಕಂಪನಿಯ ಪರ ವಾದ ಮಾಡಿದ್ದು ಇದೇ ರೂಟ್. ಜನರ ಖಾಸಗಿ ಬದುಕಿಗೆ ಸಂವಿಧಾನದ ಮೂಲಕವೇ ಕೈ ಹಾಕುವುದು ತಪ್ಪು ಅನ್ನುವುದು ಅವರ ನಿಲುವು. ಜೂನ್ 7ರಂದು ಕೋರ್ಟು ಅವರ ವಾದ ತಳ್ಳಿಹಾಕಿತು. ಅಂದರೆ ಹದಿನೆಂಟು ವರ್ಷದ ಹಿಂದೆ ಕಾಡ್ಮನ್ ಯಾರನ್ನು ಕಟಕಟೆಗೆ ಎಳೆದಿದ್ದರೋ ಅವರೇ ಈಗ ಅವರ ಕಡೆ. ಮನಿಲಾದಲ್ಲಿ ಕಾಣದ ಹಕ್ಕು ನ್ಯೂಜೆರ್ಸಿಯಲ್ಲಿ ರೂಟ್‌ಗೆ ಚೆನ್ನಾಗಿ ಕಂಡಿತು!

ಇನ್ನೊಂದು ತುದಿಯಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯಾನ್. 1900ರ ಅಧ್ಯಕ್ಷ ಚುನಾವಣೆಯಲ್ಲಿ ಸಾಮ್ರಾಜ್ಯಶಾಹಿ ಬೇಡ ಅಂತಲೇ ಓಟು ಕೇಳಿದವರು. 1906ರಲ್ಲಿ ಭಾರತ ನೋಡಿ ಹೋಗಿ ಬ್ರಿಟಿಷ್ ಆಳ್ವಿಕೆಯನ್ನು ತರಾಟೆಗೆ ತೆಗೆದುಕೊಂಡು ಬರೆದವರು. ಅವರು ಪಾನನಿಷೇಧದ ಕಟ್ಟಾ ಬೆಂಬಲಿಗ. ವಿದೇಶಾಂಗ ಮಂತ್ರಿಯಾಗಿದ್ದಾಗ ರಾಯಭಾರಿಗಳ ಔತಣದಲ್ಲಿ ವೈನ್ ಬದಲು ದ್ರಾಕ್ಷಿ ರಸ ಕೊಟ್ಟು ನಗೆಪಾಟಲಾದರು. ನಮ್ಮ ಗಾಂಧೀಜಿಗೆ ಹತ್ತಿರ ಇದ್ದವರು ಬ್ರಯಾನೇ ಹೊರತು ಕಾಡ್ಮನ್ ಅಲ್ಲ. ಆದರೆ 1899ರಲ್ಲಿ ಆ ಪ್ಯಾರಿಸ್ ಒಪ್ಪಂದ ಸೆನೆಟ್‌ನಲ್ಲಿ ಪಾಸಾಗಲಿ, ಆಮೇಲೆ ಸ್ವಾತಂತ್ರ್ಯ ಕೊಡೋಣ ಅಂತ ತಮ್ಮ ಪಕ್ಷದವರಿಗೆ ಹೇಳಿದ್ದೂ ಅದೇ ಬ್ರಯಾನ್.

ಇನ್ನೊಬ್ಬರು ವಿಲಿಯಂ ಟ್ಯಾಫ್ಟ್. ಫಿಲಿಪೀನ್ಸ್‌ನ ಗವರ್ನರ್ ಆಗಿ 1902ರಲ್ಲಿ ಲಾಡ್ಜ್ ಸಮಿತಿ ಮುಂದೆ, ನೀರು ಕುಡಿಸುವ ಹಿಂಸೆ ಕೆಲವು ಸಲ ನಡೆದಿದೆ ಅಂತ ಒಪ್ಪಿಕೊಂಡವರು. 1928ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಸಿಯಾಟಲ್‌ನ ಓಮ್‌ಸ್ಟೆಡ್ ಎಂಬ ಕಳ್ಳಸಾಗಣೆದಾರನ ಟೆಲಿಫೋನನ್ನು ಪಾನನಿಷೇಧದ ಅಧಿಕಾರಿಗಳು ಕದ್ದು ಕೇಳಿದ್ದು ಸರಿಯೇ ಅನ್ನುವ ಪ್ರಶ್ನೆ ಬಂದಾಗ, ಸರಿ ಅಂತ 5–4ರ ತೀರ್ಪು ಬರೆದರು. ಅದಕ್ಕೆ ಭಿನ್ನಮತ ಬರೆದವರಲ್ಲಿ ಲೂಯಿಸ್ ಬ್ರಾಂಡೈಸ್ ಒಬ್ಬರು. ಅವರು ಬಾಸ್ಟನ್ನಿನಲ್ಲೇ ವಕೀಲಿ ಮಾಡಿದ್ದವರು. ಸರ್ಕಾರವೇ ಕಾನೂನು ಮುರಿದರೆ ಜನರಿಗೆ ಅದೇ ಪಾಠ ಅನ್ನುವುದು ಅವರ ವಾದ. ಇಲ್ಲೂ ಒಂದು ತಮಾಷೆ ಇದೆ. 1916ರಲ್ಲಿ ಸುಪ್ರೀಂ ಕೋರ್ಟಿಗೆ ಬ್ರಾಂಡೈಸ್ ನೇಮಕ ಬೇಡ ಅಂತ ವಕೀಲರ ಸಂಘದ ಮಾಜಿ ಅಧ್ಯಕ್ಷರು ಸಹಿ ಹಾಕಿ ಕಳಿಸಿದ ಪತ್ರದಲ್ಲಿ ಟ್ಯಾಫ್ಟ್ ಹೆಸರಿದೆ, ರೂಟ್ ಹೆಸರಿದೆ, ಮೂರ್‌ಫೀಲ್ಡ್ ಸ್ಟೋರಿ ಹೆಸರೂ ಇದೆ. ಕರಿಯರ ಪರ ಜೀವ ತೇದ ಸ್ಟೋರಿ, ಒಬ್ಬ ಯಹೂದಿ ಸುಧಾರಕನ ವಿಷಯದಲ್ಲಿ ಯಾರ ಪಕ್ಕ ನಿಂತರು ನೋಡಿ.

ಹೀಗಾಗಿ ಕಾಡ್ಮನ್ ಅವರನ್ನು ನಾನು ಹೀರೋ ಮಾಡಲು ಹೊರಟಿಲ್ಲ. ಫಿಲಿಪೀನ್ಸ್ ವಿಷಯದಲ್ಲಿ ಅವರಿಗೆ ಸ್ವಂತ ಲಾಭ ಏನೂ ಇರಲಿಲ್ಲ. ತಮ್ಮದೇ ವರ್ಗದ ಜನ, ತಮ್ಮದೇ ರಾಜ್ಯದ ಸೆನೆಟರ್, ಎಲ್ಲರಿಂದ ದೇಶದ್ರೋಹಿ ಅನ್ನುವ ಮಾತು ಕೇಳುವ ಕೆಲಸ ಅದು. ಅದಕ್ಕೆ ಗುಂಡಿಗೆ ಬೇಕು. ಪಾನನಿಷೇಧದ ವಿಷಯ ಹಾಗಲ್ಲ. ಅಲ್ಲಿ ಅವರ ಕ್ಲಬ್ಬಿನವರೆಲ್ಲ ಅವರ ಹಿಂದೆಯೇ ಇದ್ದರು. ಅವರ ಲೆಕ್ಕದಲ್ಲಿ ಕಳ್ಳಭಟ್ಟಿ, ಲಂಚ, ಜೈಲು ಎಲ್ಲಾ ಬಂತು. ಸಂಬಳದ ದಿನ ಗಂಡ ಬರಿಗೈಲಿ ಮನೆಗೆ ಬಂದಾಗ ಒಲೆ ಮುಂದೆ ಕೂತ ಹೆಂಗಸು ಮಾತ್ರ ಬರಲಿಲ್ಲ. ಪಾನನಿಷೇಧ ಚಳವಳಿ ಕಟ್ಟಿದ್ದು ಅಂಥ ಹೆಂಗಸರೇ. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತಲ್ಲ, ಅದಕ್ಕೆ ಹಳ್ಳಿ ಹೆಂಗಸರು ವರ್ಷಗಟ್ಟಲೆ ಕೂಗಿದ್ದು ಸುಮ್ನೆ ಅಲ್ಲ. ಸಾರಾಯಿ ಹೋಯಿತು, ಬ್ರಾಂಡಿ ಅಂಗಡಿ ಉಳಿಯಿತು ಅನ್ನುವುದು ಬೇರೆ ಮಾತು. ಅಂಥ ಹೆಂಗಸರಿಗೆ ಕಾಡ್ಮನ್ ಬಳಿ ಉತ್ತರ ಇರಲಿಲ್ಲ ಅಂತಲೇ ನನ್ನ ಅನಿಸಿಕೆ. ಅವರ ಪ್ರಶ್ನೆಗಳು ಮಾತ್ರ ಎರಡು ಸಲವೂ ಸರಿಯಾಗಿದ್ದವು.

1926ರ ಉಪಸಮಿತಿ ಯಾವ ಮಸೂದೆಯನ್ನೂ ಒಪ್ಪಲಿಲ್ಲ. ಕಾಡ್ಮನ್‌ಗೆ ಅದು ಎರಡನೇ ಸೋಲು. ಗಾಳಿ ತಿರುಗಿಸಿದ್ದು ವಕೀಲರಲ್ಲ, ಪಾಲಿನ್ ಸೇಬಿನ್ ಅನ್ನುವ ಹೆಂಗಸು. ಶ್ರೀಮಂತೆ, ರಿಪಬ್ಲಿಕನ್ ಪಕ್ಷದ ನಾಯಕಿ. ಮೊದಲು ಪಾನನಿಷೇಧವನ್ನು ಬೆಂಬಲಿಸಿದ್ದವರು. ಎರಡು ಗಂಡುಮಕ್ಕಳಿಗೆ ಅದರಿಂದ ಒಳ್ಳೆಯದಾಗುತ್ತದೆ ಅಂತ ನಂಬಿದ್ದರು. 1929ರಲ್ಲಿ ಅದನ್ನು ತೆಗೆಸಲು ಹೆಂಗಸರದ್ದೇ ಸಂಘಟನೆ ಕಟ್ಟಿದರು. ಕೆಲವೇ ವರ್ಷದಲ್ಲಿ ಹತ್ತು ಲಕ್ಷ ಸದಸ್ಯರು ಅಂತ ಹೇಳಿಕೊಳ್ಳುವಷ್ಟು ಅದು ಬೆಳೆಯಿತು. ಮನೆ ಉಳಿಸಿ ಅನ್ನುವ ಕೂಗು ಅದುವರೆಗೂ ಡ್ರೈಗಳ ಸ್ವತ್ತಾಗಿತ್ತು. ಸೇಬಿನ್ ಅದನ್ನೇ ಕಿತ್ತುಕೊಂಡರು. ಮೆಸಾಚುಸೆಟ್ಸ್ ಮತದಾರರು 1930ರಲ್ಲೇ ತಮ್ಮ ರಾಜ್ಯದ ಪಾನನಿಷೇಧ ಕಾಯ್ದೆಯನ್ನು ತೆಗೆದುಹಾಕಿದರು. ಅಷ್ಟನ್ನು ಕಾಡ್ಮನ್ ನೋಡಿದರು. 1932ರಲ್ಲಿ ತೀರಿಕೊಂಡರು. 1933ರ ಡಿಸೆಂಬರ್ 5ರಂದು ಯೂಟಾ ರಾಜ್ಯ ಮತ ಹಾಕುತ್ತಿದ್ದಂತೆ 18ನೇ ತಿದ್ದುಪಡಿ ರದ್ದಾಯಿತು. ಫಿಲಿಪೀನ್ಸ್ ಸ್ವತಂತ್ರ ಆಗಿದ್ದು 1946ರಲ್ಲಿ.